ಗಾಯಗೊಂಡ ಕೆಡೆಟ್‌ಗಳು: ತೀರದೆ ಉಳಿದ ಪ್ರಭುತ್ವದ ಋಣ

ಸೇನಾ ಅಕಾಡೆಮಿಗಳಲ್ಲಿ ತರಬೇತಿಯ ವೇಳೆ ಗಾಯಗೊಂಡು, ಅಂಗವೈಕಲ್ಯಕ್ಕೆ ತುತ್ತಾಗಿ, ಅಧಿಕಾರಿಗಳಾಗುವ ಮೊದಲೇ ಮನೆಗೆ ಮರಳಬೇಕಾಗಿ ಬಂದ ಕೆಡೆಟ್‌ಗಳ ಸ್ಥಿತಿಯನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆರ್. ಮಹದೇವನ್ ಅವರಿದ್ದ ಪೀಠವು ಕೇಂದ್ರ ಸರ್ಕಾರದಿಂದ ಉತ್ತರ ಕೇಳಿತು. ಅದೇ ತಿಂಗಳ ಕೊನೆಗೆ ರಕ್ಷಣಾ ಸಚಿವಾಲಯವು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಸೌಲಭ್ಯವನ್ನು ಇವರಿಗೂ ವಿಸ್ತರಿಸಿತು. 1985ರಿಂದ ಈಚೆಗೆ ಹೀಗೆ ಹೊರಬಿದ್ದವರು ಸುಮಾರು 500 ಮಂದಿ. ನಾಲ್ಕು ದಶಕಗಳಲ್ಲಿ ಆಗದೇ ಇದ್ದ ಕೆಲಸವು ನ್ಯಾಯಾಲಯದ ಒಂದು ನೋಟಿಸಿನ ನಂತರ ಎರಡು ವಾರದೊಳಗೆ ಆಯಿತು ಎಂದಾದರೆ, ಅದಕ್ಕೆ ಇಷ್ಟು ಕಾಲ ಅಡ್ಡಿಯಾಗಿದ್ದುದು ಹಣದ ಅಭಾವವೂ ಅಲ್ಲ, ಕಾನೂನಿನ ತೊಡಕೂ ಅಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಾಗುವುದಿಲ್ಲ. ಚಿಕಿತ್ಸೆಯ ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಪ್ರಶ್ನೆ ಚಿಕಿತ್ಸೆಯೊಂದರದ್ದೇ ಅಲ್ಲ. ರಾಷ್ಟ್ರರಕ್ಷಣೆಯ ವೃತ್ತಿಗೆಂದು ಎಳೆಯರನ್ನು ಕರೆದು, ಓದಿಸಿ, ಪಳಗಿಸುವ ಪ್ರಭುತ್ವವು ಅವರ ವಿಷಯದಲ್ಲಿ ತನ್ನ ಹೊಣೆಯನ್ನು ಎಲ್ಲಿಂದ ಎಲ್ಲಿಯವರೆಗೆ ಒಪ್ಪಿಕೊಳ್ಳುತ್ತದೆ ಎಂಬುದರದ್ದು.

ಈ ಕರೆ ಹದಿನೆಂಟನೆಯ ವಯಸ್ಸಿನಲ್ಲಿ ಬರುವಂಥದ್ದಲ್ಲ. ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ, 1961ರಲ್ಲಿ, ಸೈನಿಕ ಶಾಲೆಗಳು ಆರಂಭವಾದುದರ ಉದ್ದೇಶವೇ ಸಾಮಾನ್ಯ ಮನೆಗಳ ಹುಡುಗರನ್ನು ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಅಂದರೆ ಎನ್‌ಡಿಎಗೆ, ಸಿದ್ಧಗೊಳಿಸುವುದು. ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಬಂತು. ಕೊಡಗಿನ ಕೂಡಿಗೆಯ ಶಾಲೆ 2007ರಲ್ಲಿ. ಬೆಂಗಳೂರು ಮತ್ತು ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆಗಳು ಇವಕ್ಕಿಂತಲೂ ಹಳೆಯವು. ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ ಬರೆಯುವ ಮಗುವಿಗೆ ಹತ್ತು ಹನ್ನೆರಡು ವರ್ಷ. ಪೋಷಕರ ವರಮಾನಕ್ಕೆ ಅನುಗುಣವಾಗಿ ರಾಜ್ಯ ಸರ್ಕಾರವೂ ರಕ್ಷಣಾ ಸಚಿವಾಲಯವೂ ವಿದ್ಯಾರ್ಥಿವೇತನ ನೀಡುತ್ತವೆ. ಸಿಂದಗಿಯ ಒಣಬೇಸಾಯಗಾರನ ಮಗ, ಸೋಮವಾರಪೇಟೆಯ ಕಾಫಿ ತೋಟದ ರೈಟರನ ಮಗ ಒಂದೇ ಡಾರ್ಮಿಟರಿಯಲ್ಲಿ ಮಲಗಿ, ಒಂದೇ ಮೈದಾನದಲ್ಲಿ ಬೆಳಗಿನ ಪಿ.ಟಿ. ಮಾಡಿ, ಒಂದೇ ಕನಸನ್ನು ಕಾಣುವಂತೆ ಮಾಡಿದ ಈ ವ್ಯವಸ್ಥೆ ಸ್ವತಂತ್ರ ಭಾರತದ ಸಾರ್ಥಕ ಪ್ರಯೋಗಗಳಲ್ಲಿ ಒಂದು. ಸೇನೆಯ ಅಧಿಕಾರಿ ವರ್ಗವು ಕೆಲವೇ ಮನೆತನಗಳ ಸ್ವತ್ತಾಗಿ ಉಳಿಯದಂತೆ ತಡೆದುದರಲ್ಲಿ ಇದರ ಪಾಲು ದೊಡ್ಡದು. ಅದನ್ನು ಈ ಪತ್ರಿಕೆ ಎಂದೂ ಅನುಮಾನಿಸಿಲ್ಲ.

ಖಡಕ್ವಾಸ್ಲಾದ ಎನ್‌ಡಿಎಯಲ್ಲೂ ಇದೇ ಔದಾರ್ಯ ಮುಂದುವರಿಯುತ್ತದೆ. ವಸತಿ, ಪುಸ್ತಕ, ಸಮವಸ್ತ್ರ, ಊಟ, ಚಿಕಿತ್ಸೆ ಎಲ್ಲದರ ವೆಚ್ಚ ಸರ್ಕಾರದ್ದು. ಮೂರು ವರ್ಷದ ಕೊನೆಗೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿ. ಪೋಷಕರು ಭರಿಸಬೇಕಾದದ್ದು ಕೈಖರ್ಚನ್ನು ಮಾತ್ರ, ಅದೂ ಆಗದವರಿಗೆ ನೆರವುಂಟು. ತಮ್ಮ ನಾಡಿನ ಕೆಡೆಟ್‌ಗಳಿಗೆ ಹಲವು ರಾಜ್ಯ ಸರ್ಕಾರಗಳು ಪ್ರತ್ಯೇಕ ವಿದ್ಯಾರ್ಥಿವೇತನ ಕೊಡುತ್ತವೆ. ಹುತಾತ್ಮರ, ದಾನಿಗಳ ಹೆಸರಿನ ನಿಧಿಗಳೂ ಇವೆ. ಕೇಂದ್ರ ಲೋಕಸೇವಾ ಆಯೋಗದ ಹಳೆಯ ಅಧಿಸೂಚನೆಗಳನ್ನು ತೆರೆದರೆ ತಿಂಗಳಿಗೆ 30 ರೂಪಾಯಿಯ ವಿದ್ಯಾರ್ಥಿವೇತನಗಳೂ ಕಾಣಸಿಗುತ್ತವೆ. ಮೊತ್ತ ಚಿಕ್ಕದಾದರೂ ಆ ಸಾಲುಗಳ ಹಿಂದೊಂದು ಭಾವವಿತ್ತು: ಈ ಹುಡುಗ ನಮ್ಮವನು, ಇವನ ಓದು ನಮ್ಮ ಹೊಣೆ.

ಅದೇ ಅಧಿಸೂಚನೆಯ ಅನುಬಂಧದಲ್ಲಿ, ಈ ಸಾಲುಗಳಿಂದ ಹೆಚ್ಚು ದೂರವಿಲ್ಲದೆ, ಇನ್ನೊಂದು ಭಾವವೂ ಕಾಣುತ್ತದೆ. ಆಯ್ಕೆಯಾದ ಅಭ್ಯರ್ಥಿ ಅಕಾಡೆಮಿಗೆ ಸೇರುವ ಮುನ್ನ ಅವನ ತಂದೆಯೋ ಪಾಲಕನೋ ಎರಡು ಕಾಗದಗಳಿಗೆ ಸಹಿ ಹಾಕಬೇಕು. ಒಂದು, ಪ್ರಮಾಣಪತ್ರ. ತರಬೇತಿಯಲ್ಲಾಗಲಿ, ತರಬೇತಿಯ ಪರಿಣಾಮವಾಗಿ ಆಗಲಿ ತನ್ನ ಮಗನಿಗೆ ಗಾಯವಾದರೆ ತಾನಾಗಲಿ ಮಗನಾಗಲಿ ಸರ್ಕಾರದಿಂದ ಯಾವ ಪರಿಹಾರವನ್ನೂ ಕೇಳುವ ಹಕ್ಕು ಹೊಂದಿಲ್ಲವೆಂದು, ಆ ಗಾಯದ ಚಿಕಿತ್ಸೆಗಾಗಿ ನಡೆಸಿದ ಶಸ್ತ್ರಚಿಕಿತ್ಸೆಯಿಂದಲೋ ಅದಕ್ಕೆ ಕೊಟ್ಟ ಅರಿವಳಿಕೆಯಿಂದಲೋ ಊನ ಅಥವಾ ಸಾವು ಸಂಭವಿಸಿದರೂ ಹಾಗೆ ಕೇಳುವಂತಿಲ್ಲವೆಂದು ತಾನು ಪೂರ್ಣವಾಗಿ ಅರಿತಿರುವುದಾಗಿ ಅವನು ಬರೆದುಕೊಡುತ್ತಾನೆ. ಇನ್ನೊಂದು, ಮುಚ್ಚಳಿಕೆ. ಅಭ್ಯರ್ಥಿಯ ಕೈಯಲ್ಲೇ ಇದ್ದ ಕಾರಣಕ್ಕೆ ತರಬೇತಿ ಪೂರ್ಣವಾಗದೆ ಹೋದರೆ, ಅಥವಾ ಕೊಟ್ಟ ಕಮಿಷನ್ ಅನ್ನು ಅವನು ಸ್ವೀಕರಿಸದಿದ್ದರೆ, ಸರ್ಕಾರ ಅವನ ಮೇಲೆ ಮಾಡಿದ ವೆಚ್ಚವನ್ನು ತಕ್ಷಣ ನಗದಾಗಿ ಹಿಂತಿರುಗಿಸುವುದಾಗಿ ಸಹಿ ಹಾಕಿದವನು ಒಪ್ಪುತ್ತಾನೆ.

ಈ ಎರಡು ಕಾಗದಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಮುಚ್ಚಳಿಕೆಯ ಬಗ್ಗೆ ನಮಗೆ ತಕರಾರಿಲ್ಲ; ಸಾರ್ವಜನಿಕರ ಹಣದಲ್ಲಿ ಓದಿದವನು ಮಾತಿಗೆ ತಪ್ಪಿದರೆ ಆ ಹಣವನ್ನು ಕೇಳುವುದು ನ್ಯಾಯವೇ. ಆದರೆ ಯುವಕನ ಕಡೆಯಿಂದ ಕರಾರು ಮುರಿದರೆ ಕೊನೆಯ ರೂಪಾಯಿಯವರೆಗೆ ಲೆಕ್ಕ ಕೇಳುವ ಪ್ರಭುತ್ವವು, ತನ್ನ ಮೈದಾನದಲ್ಲಿ, ತನ್ನ ಬೋಧಕರ ಆಜ್ಞೆಯಂತೆ, ತನ್ನ ಕುದುರೆಯ ಮೇಲಿಂದಲೋ ತನ್ನ ಬಾಕ್ಸಿಂಗ್ ಅಂಕಣದಲ್ಲೋ ಆ ಯುವಕನ ಬೆನ್ನುಮೂಳೆ ಮುರಿದರೆ ತಾನು ಯಾವ ಲೆಕ್ಕಕ್ಕೂ ಬಾಧ್ಯವಲ್ಲ ಎಂದು ಮುಂಗಡವಾಗಿಯೇ ಬರೆಸಿಕೊಳ್ಳುತ್ತದೆ. ಅಳೆದುಕೊಳ್ಳುವಾಗ ಕೊಳಗ, ಅಳೆದು ಕೊಡುವಾಗ ಪಾವು. ಸಹಿ ಹಾಕುವ ತಂದೆಗೆ ಆ ಹೊತ್ತಿನಲ್ಲಿ ಆಯ್ಕೆಯೆಂಬುದು ಇರುವುದಿಲ್ಲ. ಮಗ ಲಿಖಿತ ಪರೀಕ್ಷೆ ಗೆದ್ದು, ಐದು ದಿನಗಳ ಎಸ್‌ಎಸ್‌ಬಿ ಸಂದರ್ಶನ ದಾಟಿ, ವೈದ್ಯಕೀಯ ತಪಾಸಣೆಯಲ್ಲೂ ತೇರ್ಗಡೆಯಾಗಿ, ಊರಿನವರು ಬ್ಯಾನರ್ ಕಟ್ಟಿಸಿ ಸನ್ಮಾನ ಮಾಡಿದ ಮೇಲೆ, ಇಂಗ್ಲಿಷಿನ ಆ ದೀರ್ಘ ವಾಕ್ಯವನ್ನು ತಡೆದು ಓದಿ ಹಿಂಜರಿಯುವ ತಂದೆ ಯಾವ ಜಿಲ್ಲೆಯಲ್ಲಿ ಸಿಕ್ಕಾನು? ಅಸಮಾನರ ನಡುವಿನ ಕರಾರಿನಲ್ಲಿ ದುರ್ಬಲನ ಸಹಿ ಇದೆ ಎಂಬ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲವೆಂಬ ತತ್ತ್ವವನ್ನು ನಮ್ಮ ಸುಪ್ರೀಂ ಕೋರ್ಟ್ 1986ರಷ್ಟು ಹಿಂದೆಯೇ ಸಾರಿದೆ.

ಕಾನೂನಿನ ಕಣ್ಣಿನಲ್ಲಿ ಕೆಡೆಟ್ ಯಾರು ಎಂಬುದರಲ್ಲಿ ಈ ಅನ್ಯಾಯದ ಬೇರು ಇದೆ. ಜವಾನನಾಗಿ ಭರ್ತಿಯಾದ ಯುವಕನು ಸೇನಾ ಕಾಯ್ದೆಯಡಿ ದಾಖಲಾದವನು. ತರಬೇತಿ ಕೇಂದ್ರದಲ್ಲೇ ಅವನಿಗೆ ಶಾಶ್ವತ ಊನವಾಗಿ ಸೇವೆಯಿಂದ ಬಿಡುಗಡೆಯಾದರೂ ಅಂಗವೈಕಲ್ಯ ಪಿಂಚಣಿಗೆ, ಮಾಜಿ ಸೈನಿಕನೆಂಬ ಸ್ಥಾನಮಾನಕ್ಕೆ ಅವನು ಅರ್ಹ. ಕೆಡೆಟ್ ಹಾಗಲ್ಲ. ಎನ್‌ಡಿಎಯಲ್ಲಿ ಮೂರು ವರ್ಷ, ಆಮೇಲೆ ಡೆಹ್ರಾಡೂನಿನ ಭಾರತೀಯ ಮಿಲಿಟರಿ ಅಕಾಡೆಮಿಯಲ್ಲೋ ನೌಕಾ, ವಾಯು ಅಕಾಡೆಮಿಗಳಲ್ಲೋ ಮತ್ತೊಂದು ವರ್ಷದ ಆಸುಪಾಸು. ಪಥಸಂಚಲನ ಮುಗಿಸಿ 'ಅಂತಿಮ ಪಗ್' ಎಂಬ ಆ ಮೆಟ್ಟಿಲು ದಾಟಿ ಹೆಗಲಿಗೆ ನಕ್ಷತ್ರ ಏರುವ ತನಕ ಅವನು ಅಧಿಕಾರಿಯೂ ಅಲ್ಲ, ಸೈನಿಕನೂ ಅಲ್ಲ. ತರಬೇತಿಯ ಅವಧಿಯನ್ನು ಕಮಿಷನ್ಡ್ ಸೇವೆ ಎಂದು ಪರಿಗಣಿಸುವುದಿಲ್ಲವೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಓಡುವಾಗ, ಬೆನ್ನಮೇಲೆ ಭಾರ ಹೊತ್ತು ರಾತ್ರಿಯಿಡೀ ಗುಡ್ಡ ಹತ್ತುವಾಗ, ತಪ್ಪಿದ್ದಕ್ಕೆ ಶಿಕ್ಷೆ ಉಣ್ಣುವಾಗ ಅವನು ಸೇನೆಗೆ ಸೇರಿದವನು. ಬಿದ್ದು ಏಳಲಾಗದೆ ಮಿಲಿಟರಿ ಆಸ್ಪತ್ರೆಯ ವಾರ್ಡು ಸೇರಿದ ಮೇಲೆ, ವೈದ್ಯಕೀಯ ಮಂಡಳಿ 'ಬೋರ್ಡ್ ಔಟ್' ಎಂದು ಬರೆದ ಮೇಲೆ, ಬರೀ ಒಬ್ಬ ವಿದ್ಯಾರ್ಥಿ. ಜವಾನನಿಗೆ ಸಲ್ಲುವುದು ಅವನ ಮುಂದಾಳಾಗಬೇಕಾಗಿದ್ದವನಿಗೆ ಸಲ್ಲದೆ ಹೋಗುವ ಈ ವಿಪರ್ಯಾಸಕ್ಕೆ ತರ್ಕವಿಲ್ಲ. ಇರುವುದು ಕಡತದ ಅಭ್ಯಾಸಬಲ.

ಹಾಗೆಂದು ಏನನ್ನೂ ಕೊಡುವುದಿಲ್ಲವೆಂದಲ್ಲ. ತಿಂಗಳಿಗೆ 9,000 ರೂಪಾಯಿ ಮೂಲ ಎಕ್ಸ್‌ಗ್ರೇಷಿಯಾ. ಶೇ 100ರಷ್ಟು ಅಂಗವೈಕಲ್ಯವಿದ್ದರೆ ಮೇಲೆ 16,200 ರೂಪಾಯಿ, ಅದಕ್ಕಿಂತ ಕಡಿಮೆಯಾದರೆ ಅದೇ ಪ್ರಮಾಣದಲ್ಲಿ ಕಡಿತ, ಶೇ 20ಕ್ಕಿಂತ ಕಡಿಮೆಯಾದರೆ ಈ ಭಾಗ ಶೂನ್ಯ. ಶೇ 100ರಷ್ಟು ವೈಕಲ್ಯ ಹೊಂದಿ, ಸದಾ ಸಹಾಯಕರು ಬೇಕೆಂದು ಮಂಡಳಿ ಶಿಫಾರಸು ಮಾಡಿದರೆ ಇನ್ನು 6,750 ರೂಪಾಯಿ. ತುಟ್ಟಿಭತ್ಯೆ ಸೇರಿ ಗರಿಷ್ಠ 40,000 ರೂಪಾಯಿಯ ಆಸುಪಾಸಿಗೆ ನಿಲ್ಲುವ ಈ ಹಣ ಹಕ್ಕಾಗಿ ಬರುವುದಲ್ಲ, ಸರ್ಕಾರದ ಕೃಪೆಯಾಗಿ ಬರುವುದು. ಜೊತೆಗೆ ಸಮೂಹ ವಿಮೆಯ ಮೊತ್ತವೊಂದು ಒಮ್ಮೆ ಕೈಸೇರುತ್ತದೆ. ಕತ್ತಿನಿಂದ ಕೆಳಗೆ ಚಲನೆ ಇಲ್ಲದ ಇಪ್ಪತ್ತೆರಡರ ಮಗನಿರುವ ಮನೆಯಲ್ಲಿ ಈ ಮೊತ್ತ ಎಲ್ಲಿ ಕರಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಬೆನ್ನುಹುಣ್ಣು ಆಗದಂತೆ ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಆಳು ಬೇಕು, ಒಬ್ಬ ಸಾಲದು. ಕ್ಯಾಥೆಟರ್, ಡಯಾಪರ್, ಏರ್‌ಬೆಡ್, ಫಿಸಿಯೋಥೆರಪಿ, ಸೋಂಕು ತಗಲಿದಾಗಿನ ಆ್ಯಂಟಿಬಯಾಟಿಕ್. ಬೆಂಗಳೂರಿನಲ್ಲಿ ಹೋಮ್ ನರ್ಸ್ ಒಬ್ಬರ ತಿಂಗಳ ಸಂಬಳ ಎಷ್ಟೆಂದು ವಿಚಾರಿಸಿದವರಿಗೆ ಉಳಿದ ಲೆಕ್ಕ ತಾನೇ ತಿಳಿಯುತ್ತದೆ. ಇಸಿಎಚ್‌ಎಸ್ ಆಸ್ಪತ್ರೆಯ ಬಿಲ್ಲನ್ನು ಇಳಿಸೀತು. ಮನೆಯೇ ಆಸ್ಪತ್ರೆಯಾದಾಗ ಬರುವ ಖರ್ಚನ್ನಲ್ಲ.

ಸಾಮಾನ್ಯ ಸರ್ಕಾರಿ ನೌಕರನಿಗೆ ಸೇವೆಯಲ್ಲಿದ್ದಾಗ ವೈಕಲ್ಯ ಉಂಟಾದರೆ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ಬೇರೆ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಸಶಸ್ತ್ರ ಪಡೆಗಳ ಯುದ್ಧನಿರತ ಹುದ್ದೆಗಳಿಗೆ 2021ರಲ್ಲಿ ಇದರಿಂದ ವಿನಾಯಿತಿ ಕೊಡಲಾಯಿತು. ರಣರಂಗದ ಹುದ್ದೆಗಳ ಮಟ್ಟಿಗೆ ಆ ವಿನಾಯಿತಿಯ ಸಮರ್ಥನೆ ಅರ್ಥವಾಗುವಂಥದ್ದು. ಕೆಡೆಟ್ ಮಾತ್ರ ಎರಡೂ ಕಡೆಯಿಂದ ಹೊರಗೆ: ನೌಕರನಲ್ಲವಾದ್ದರಿಂದ ಕಾಯ್ದೆಯ ರಕ್ಷಣೆಯಿಲ್ಲ, ಸೈನಿಕನಲ್ಲವಾದ್ದರಿಂದ ಪಿಂಚಣಿಯಿಲ್ಲ. ಕಚೇರಿ ಕೆಲಸದಲ್ಲಾದರೂ ಇವರಿಗೆ ಪುನರ್ವಸತಿ ಕಲ್ಪಿಸಲಾಗದೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ ಎತ್ತಿದ್ದು ಸಹಜವೇ. ರಕ್ಷಣಾ ಸಂಶೋಧನೆ, ಲೆಕ್ಕಪತ್ರ, ಸೈಬರ್ ಸುರಕ್ಷತೆ, ಭಾಷಾಂತರ, ಬೋಧನೆ ಇವೆಲ್ಲ ಗಾಲಿಕುರ್ಚಿಯಲ್ಲಿ ಕುಳಿತು ಮಾಡಬಹುದಾದ ರಾಷ್ಟ್ರರಕ್ಷಣೆಯ ಕೆಲಸಗಳು. ಲಕ್ಷಾಂತರ ಅಭ್ಯರ್ಥಿಗಳ ನಡುವೆ ಆರಿಸಿ ತೆಗೆದ ಬುದ್ಧಿಯು ಬೆನ್ನುಮೂಳೆಯ ಜೊತೆ ಮುರಿದುಹೋಗುವುದಿಲ್ಲ.

ಸಚಿವಾಲಯದ ಪರವಾಗಿ ಹೇಳಬಹುದಾದ ಮಾತುಗಳಿಲ್ಲದಿಲ್ಲ. ತರಬೇತಿಯ ಅಪಾಯ ಗೊತ್ತಿದ್ದೇ ಬಂದವರು ಇವರು ಎನ್ನುತ್ತಾರೆ. ಸುಪ್ತವಾಗಿದ್ದ ಕಾಯಿಲೆಯು ತರಬೇತಿಯಲ್ಲಿ ಹೊರಬಿದ್ದರೆ ಅದಕ್ಕೆ ಸರ್ಕಾರ ಹೇಗೆ ಹೊಣೆ ಎನ್ನುತ್ತಾರೆ. ಬಾಗಿಲು ತೆರೆದರೆ ತರಬೇತಿಯ ಕಠಿನತೆಗೆ ಅಂಜಿದವರೂ ನುಸುಳಿಯಾರು ಎಂಬ ಆತಂಕ ಕಡತಗಳಲ್ಲಿ ಸುಳಿಯುತ್ತದೆ. ಮೊದಲನೆಯ ವಾದವನ್ನು ಒಪ್ಪಿದರೆ ಗಡಿಯಲ್ಲಿ ಗುಂಡು ತಿಂದವನಿಗೂ ಪಿಂಚಣಿ ಕೊಡಬೇಕಾಗಿಲ್ಲ. ಅವನೂ ಅಪಾಯ ಗೊತ್ತಿದ್ದೇ ಹೋದವನು. ಎರಡನೆಯದಕ್ಕೆ ಉತ್ತರ ವೈದ್ಯಕೀಯ ಮಂಡಳಿಯಲ್ಲಿದೆ: ಗಾಯಕ್ಕೂ ತರಬೇತಿಗೂ ಇರುವ ಸಂಬಂಧವನ್ನು ನಿರ್ಣಯಿಸುವ ಕೆಲಸವನ್ನು ಅದು ಸೈನಿಕರ ವಿಷಯದಲ್ಲಿ ದಿನನಿತ್ಯ ಮಾಡುತ್ತಿದೆ. ಪ್ರವೇಶಕ್ಕೆ ಮುನ್ನ ತಲೆಯಿಂದ ಕಾಲಿನವರೆಗೆ ತಪಾಸಣೆ ನಡೆಸಿ ಸುದೃಢನೆಂದು ಸಹಿ ಹಾಕಿದವರೂ ಸೇನೆಯ ವೈದ್ಯರೇ. ಮೂರನೆಯ ಆತಂಕದ ಬಗ್ಗೆ ಹೆಚ್ಚು ಹೇಳುವುದು ಬೇಡ. ನಾಲ್ಕು ದಶಕಕ್ಕೆ 500 ಮಂದಿ, ಅಂದರೆ ವರ್ಷಕ್ಕೆ ಹನ್ನೆರಡು ಹದಿಮೂರು. ಇಷ್ಟು ಸಣ್ಣ ಸಂಖ್ಯೆ ಬೊಕ್ಕಸಕ್ಕೆ ಭಾರವಾಗದು. ಬಹುಶಃ ಸಂಖ್ಯೆ ಸಣ್ಣದಾದುದೇ ಇವರ ದುರದೃಷ್ಟ. ಮತಪೆಟ್ಟಿಗೆಯಲ್ಲೂ ಬೀದಿಯಲ್ಲೂ ಕಾಣದಷ್ಟು ಕಡಿಮೆ ಇವರು.

ಏಕಪಕ್ಷೀಯ ಕರಾರು ನಮ್ಮಲ್ಲಷ್ಟೇ ಇರುವ ದೋಷವಲ್ಲ. ಅಮೆರಿಕದಲ್ಲಿ ಸೈಬರ್ ಭದ್ರತೆ ಓದುವವರಿಗೆ ಪೂರ್ಣ ಶುಲ್ಕವನ್ನೂ ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಭತ್ಯೆಯನ್ನೂ ಕೊಟ್ಟು, ಪ್ರತಿಯಾಗಿ ಸರ್ಕಾರಿ ಸೇವೆಯನ್ನು ಕೇಳುವ 'ಸೈಬರ್‌ಕೋರ್' ವಿದ್ಯಾರ್ಥಿವೇತನವಿದೆ. ಸೇವೆ ಸಲ್ಲಿಸದಿದ್ದರೆ ಆ ಹಣ ಸಾಲವಾಗಿ ಮಾರ್ಪಡುತ್ತದೆ. 2025ರ ಜನವರಿಯಲ್ಲಿ ಅಲ್ಲಿನ ಹೊಸ ಆಡಳಿತ ಸರ್ಕಾರಿ ನೇಮಕಾತಿಯನ್ನೇ ತಡೆಹಿಡಿದಾಗ, ಸೇವೆಗೆ ಸಿದ್ಧರಿದ್ದ ಪದವೀಧರರು ಕೆಲಸವಿಲ್ಲದೆ ಸಾಲಗಾರರಾಗುವ ಭೀತಿಯಲ್ಲಿ ನಿಂತರು. ಅದೇ ದೇಶ ಇನ್ನೊಂದು ವಿಷಯದಲ್ಲಿ ನಮಗಿಂತ ಮುಂದಿದೆ ಎಂಬುದನ್ನೂ ಹೇಳಬೇಕು: ವೆಸ್ಟ್ ಪಾಯಿಂಟ್‌ನಂತಹ ಸೇನಾ ಅಕಾಡೆಮಿಗಳ ಕೆಡೆಟ್‌ಗಳಿಗೆ ತರಬೇತಿಯಲ್ಲಿ ಉಂಟಾದ ವೈಕಲ್ಯಕ್ಕೆ ಸೈನಿಕರಿಗಿರುವ ನಿವೃತ್ತಿ ಸೌಲಭ್ಯವನ್ನೇ ಅಲ್ಲಿನ ಸಂಸತ್ತು 2004ರಲ್ಲಿ ಕಾನೂನಿನ ಮೂಲಕ ವಿಸ್ತರಿಸಿತು. ಕಮಿಷನ್ ಸಿಗುವ ಮೊದಲು ಎಂಬ ನೆಪ ಅಲ್ಲಿ ಅಡ್ಡ ಬರಲಿಲ್ಲ.

ನಮ್ಮಲ್ಲಿ ಪರಿಹಾರದ ದಾರಿ ಗೊತ್ತಿಲ್ಲದೆ ಇದ್ದುದೂ ಅಲ್ಲ. ಮನೋಹರ್ ಪರಿಕ್ಕರ್ ರಕ್ಷಣಾ ಸಚಿವರಾಗಿದ್ದಾಗ 2015ರಲ್ಲಿ ನೇಮಿಸಿದ ತಜ್ಞರ ಸಮಿತಿ ಕೆಡೆಟ್‌ಗಳ ಸಂಗತಿಯನ್ನು ಮುಂದಿಟ್ಟಿತ್ತು. 2024ರ ಆರಂಭದಲ್ಲಿ ಮಾಜಿ ಸೈನಿಕರ ಪುನರ್ವಸತಿ ಮಹಾನಿರ್ದೇಶನಾಲಯದ ಯೋಜನೆಗಳನ್ನು ಇವರಿಗೂ ತೆರೆಯಲು ಒಪ್ಪಿಗೆ ಸಿಕ್ಕಿತು. ಆ ಯೋಜನೆಗಳಲ್ಲಿ ಕಲ್ಲಿದ್ದಲು ಸಾಗಣೆಯೂ ಒಂದು, ಭದ್ರತಾ ಏಜೆನ್ಸಿ ನಡೆಸುವುದೂ ಒಂದು. ಹಾಸಿಗೆಯಿಂದ ಏಳಲಾರದವನಿಗೆ ಇವುಗಳಿಂದ ಆಗುವ ಉಪಕಾರವೇನೆಂದು ಆ ಕಡತದ ಮೇಲೆ ಸಹಿ ಹಾಕಿದವರೇ ಹೇಳಬೇಕು. ಪ್ರತಿ ಬಾರಿಯೂ ಅಂಚಿನಲ್ಲಿರುವ ಸೌಲಭ್ಯವೊಂದನ್ನು ಕೊಟ್ಟು, ನಡುವಿನಲ್ಲಿರುವ ಹಕ್ಕನ್ನು ಮುಟ್ಟದೆ ಬಿಡುವುದು ಈ ಹತ್ತು ವರ್ಷಗಳ ರೀತಿಯಾಗಿದೆ.

ಇದರ ಪರಿಣಾಮ 500 ಮನೆಗಳಲ್ಲಿ ಮುಗಿಯುವುದಿಲ್ಲ. ಸೇನೆಯಲ್ಲಿ ಅಧಿಕಾರಿಗಳ ಕೊರತೆ ಇರುವುದನ್ನು ಸರ್ಕಾರವೇ ಸಂಸತ್ತಿನಲ್ಲಿ ಒಪ್ಪಿಕೊಂಡಿದೆ. ಎನ್‌ಡಿಎಯಿಂದ ಮೊದಲ ತಂಡದ 17 ಯುವತಿಯರು 2025ರ ಮೇ ತಿಂಗಳಲ್ಲಿ ಹೊರಬಂದರು. ಸೈನಿಕ ಶಾಲೆಗಳೂ ಈಗ ಹೆಣ್ಣುಮಕ್ಕಳಿಗೆ ತೆರೆದಿವೆ. ಖಾಸಗಿ ಸಹಭಾಗಿತ್ವದಲ್ಲಿ ಇನ್ನೂ 100 ಸೈನಿಕ ಶಾಲೆಗಳನ್ನು ಕಟ್ಟುವ ತೀರ್ಮಾನವಾಗಿದೆ. ಕರೆಯುವ ಕೈ ಹೀಗೆ ಉದ್ದವಾಗುತ್ತಿರುವಾಗ ಹಿಡಿಯುವ ಕೈ ಇದ್ದಲ್ಲೇ ಇದ್ದರೆ, ಇಂದಲ್ಲ ನಾಳೆ ತಂದೆತಾಯಿಗಳು ಲೆಕ್ಕ ಹಾಕುತ್ತಾರೆ. ಸಿಇಟಿ, ನೀಟ್, ಎಂಜಿನಿಯರಿಂಗ್ ಎಂಬ ಸುರಕ್ಷಿತ ದಾರಿಗಳಿರುವ ರಾಜ್ಯದಲ್ಲಿ ಆ ಲೆಕ್ಕಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಮೊದಲು ಹಿಂಜರಿಯುವವರು ಉಳ್ಳವರು, ತಿಳಿದವರು. ಉಳಿಯುವವರು ವಿದ್ಯಾರ್ಥಿವೇತನವಿಲ್ಲದೆ ಓದಲಾಗದವರು. ಗಾಯವಾದರೆ ತಡೆದುಕೊಳ್ಳುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವರೂ ಅವರೇ.

ಈ ಹೊಣೆ ರಕ್ಷಣಾ ಸಚಿವಾಲಯದ್ದು, ಹಣಕಾಸು ಸಚಿವಾಲಯದ್ದು, ಇಷ್ಟು ವರ್ಷ ಮೌನವಾಗಿದ್ದ ಸಂಸತ್ತಿನದ್ದು. ತಮ್ಮದೇ ಅಕಾಡೆಮಿಗಳಲ್ಲಿ ಬೆಳೆದು ಉನ್ನತ ಪದವಿಗೇರಿದ, ತಮ್ಮ ಸ್ಕ್ವಾಡ್ರನ್ನಿನ ಗೆಳೆಯರಲ್ಲಿ ಯಾರು ಮಧ್ಯದಲ್ಲೇ ಕಾಣೆಯಾದರು ಎಂಬುದನ್ನು ಬಲ್ಲ ಸೇನಾ ಮುಖ್ಯಸ್ಥರದ್ದೂ ಹೌದು. ಪ್ರಮಾಣಪತ್ರದ ಆ ಷರತ್ತನ್ನು ರದ್ದುಪಡಿಸಬೇಕು. ತರಬೇತಿಯಲ್ಲಿ ಆದ ವೈಕಲ್ಯಕ್ಕೆ, ಕಮಿಷನ್ ಪಡೆದ ಕಿರಿಯ ಅಧಿಕಾರಿಗೆ ಸಲ್ಲುವ ಅಂಗವೈಕಲ್ಯ ಪಿಂಚಣಿಯನ್ನು ಹಕ್ಕಾಗಿ ಕೊಡಬೇಕು. ಮಾಜಿ ಸೈನಿಕರೆಂಬ ಸ್ಥಾನಮಾನ ನೀಡಬೇಕು. ಕರ್ನಾಟಕ ಸರ್ಕಾರ ದೆಹಲಿಯ ದಾರಿ ಕಾಯಬೇಕಾಗಿಲ್ಲ. ವಿಜಯಪುರ, ಕೊಡಗಿನ ಶಾಲೆಗಳ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟು ಕಳುಹಿಸುವ ರಾಜ್ಯವು ಗಾಯಗೊಂಡು ಮರಳಿದವರನ್ನು ತನ್ನ ನೇಮಕಾತಿಯಲ್ಲಿ ಮಾಜಿ ಸೈನಿಕರ ಮೀಸಲಾತಿಗೆ ಸಮಾನವಾಗಿ ಪರಿಗಣಿಸಲು, ಅವರ ಆರೈಕೆಗೆ ಮಾಸಾಶನ ನೀಡಲು ಸಚಿವ ಸಂಪುಟದ ಒಂದು ನಿರ್ಣಯ ಸಾಕು. ಹೊರಟವರ ಹೆಸರು ಜಿಲ್ಲಾಡಳಿತದ ಸನ್ಮಾನ ಪಟ್ಟಿಯಲ್ಲಿ ಇರುತ್ತದೆ. ಮರಳಿದವರ ಪಟ್ಟಿಯನ್ನು ಸೈನಿಕ ಕಲ್ಯಾಣ ಇಲಾಖೆ ಇನ್ನಾದರೂ ಸಿದ್ಧಪಡಿಸಲಿ.

ಕೊನೆಯದಾಗಿ, ಆದೇಶ ಬಂದರೆ ಅದು ಎಂದಿನಿಂದ ಜಾರಿಗೆ ಬರುತ್ತದೆ ಎಂಬುದನ್ನು ಈ ಪತ್ರಿಕೆ ಗಮನಿಸುತ್ತಿರುತ್ತದೆ. ಸೌಲಭ್ಯವನ್ನು ಆದೇಶದ ದಿನಾಂಕದಿಂದ ಮುಂದಕ್ಕೆ ಎಂದು ಬರೆದು ಹಿಂದಿನವರನ್ನು ಕೈಬಿಡುವುದು ಹಣಕಾಸು ಇಲಾಖೆಗಳ ಹಳೆಯ ಚಾಳಿ. 1985ರಲ್ಲಿ ಇಪ್ಪತ್ತರ ಹರೆಯದಲ್ಲಿ ಗಾಯಗೊಂಡವರಿಗೆ ಈಗ ಅರವತ್ತು. ಅವರನ್ನು ನೋಡಿಕೊಳ್ಳುತ್ತಿರುವ ತಂದೆತಾಯಿ ಬದುಕಿದ್ದರೆ ಎಂಬತ್ತು ದಾಟಿದ್ದಾರೆ. ಪಿಂಚಣಿಯು ಬೋರ್ಡ್ ಔಟ್ ಆದ ದಿನದಿಂದ ಲೆಕ್ಕಕ್ಕೆ ಬರಬೇಕು, ಬಾಕಿ ಅವರ ಜೀವಿತಾವಧಿಯಲ್ಲೇ ಕೈಸೇರಬೇಕು. ಮುಚ್ಚಳಿಕೆಯಡಿ ತನಗೆ ಬರಬೇಕಾದ ಹಣವನ್ನು ಸರ್ಕಾರ ಕೇಳುವುದು ತಕ್ಷಣ ಮತ್ತು ನಗದಾಗಿ. ಇವರ ಬಾಕಿಗೂ ಅದೇ ನಿಯಮ ಅನ್ವಯಿಸಲಿ.